ಸಸ್ಟೈನಬಿಲಿಟಿ ರಿಪೋರ್ಟನ್ನು ಹತ್ತು ತತ್ವಗಳಿಗೆ ಜೋಡಿಸುವುದು ಹೇಗೆ? ಟೇಬಲ್ ಮೊದಲು, ಬರವಣಿಗೆ ಆಮೇಲೆ

ಸಸ್ಟೈನಬಿಲಿಟಿ ರಿಪೋರ್ಟ್, ಅಂದರೆ ಜನ ಮತ್ತು ಪರಿಸರದ ಮೇಲೆ ಕಂಪನಿಯಿಂದ ಏನಾಗುತ್ತಿದೆ ಅಂತ ಹೇಳುವ ವರದಿ, ಬಹಳಷ್ಟು ಕಡೆ ತಯಾರಾಗುವುದು ಹೀಗೆ: ಮೊದಲು ಫೋಟೋ, ಗ್ರಾಫ್, ಸಿಇಒ ಪತ್ರ ಎಲ್ಲ ರೆಡಿ ಆಗುತ್ತವೆ. ಇನ್ನೇನು ಡಿಸೈನರ್ ಫೈಲ್ ಮುಗಿಸಬೇಕು ಅನ್ನುವಾಗ ಯಾರಿಗೋ ನೆನಪಾಗುತ್ತದೆ, ನಾವು ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್‌ಗೆ (ಕಂಪನಿಗಳು ತಾವಾಗಿ ಒಪ್ಪಿಕೊಳ್ಳುವ ಹತ್ತು ತತ್ವಗಳ ಬದ್ಧತೆಗೆ) ಸಹಿ ಹಾಕಿದ್ದೇವಲ್ಲ, ಅದರ ಟೇಬಲ್ ಎಲ್ಲಿ ಅಂತ. ಆಗ ಕೊನೇ ಪುಟದಲ್ಲಿ ಹತ್ತು ತತ್ವಗಳ ಎದುರು ಕೈಗೆ ಸಿಕ್ಕ ಪುಟಸಂಖ್ಯೆ ತುಂಬುತ್ತಾರೆ. 'ಮಾನವ ಹಕ್ಕು' ಅಂತ ಬರೆದ ಪುಟ ತೆಗೆದರೆ ಅಲ್ಲಿ ಗಿಡ ನೆಡುವ ಫೋಟೋ ಇರುತ್ತದೆ!

ಇದನ್ನು ಉಲ್ಟಾ ಮಾಡಿ. ಟೇಬಲ್ ಮೊದಲು ಹಾಕಿಕೊಳ್ಳಿ, ಅದರಲ್ಲಿ ಏನು ಖಾಲಿ ಇದೆ ನೋಡಿ, ಆಮೇಲೆ ಬರೆಯಲು ಕೂರಿ.

ಮೊದಲು ಯಾವುದು ಯಾವ ಕೆಲಸಕ್ಕೆ ಅನ್ನೋದು ಗೊತ್ತಿರಲಿ, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ ಆಗುತ್ತದೆ. ಗ್ಲೋಬಲ್ ಕಾಂಪ್ಯಾಕ್ಟ್ ಶುರುವಾಗಿದ್ದು 2000ದಲ್ಲಿ. ಮಾನವ ಹಕ್ಕು, ದುಡಿಮೆ, ಪರಿಸರ, ಭ್ರಷ್ಟಾಚಾರ ತಡೆ ಎಂಬ ನಾಲ್ಕು ವಿಷಯಗಳಲ್ಲಿ ಹತ್ತು ತತ್ವಗಳಿವೆ. ಹತ್ತನೆಯದು, ಅಂದರೆ ಭ್ರಷ್ಟಾಚಾರದ್ದು, ಸೇರಿದ್ದು 2004ರಲ್ಲಿ. ಇದು 'ಏನು ಮಾಡುತ್ತೇವೆ' ಎಂಬ ಮಾತು ಕೊಡುವುದು. ಆ ಮಾತನ್ನು ಹೇಗೆ ನಡೆಸಬೇಕು ಅಂತ ಹೇಳುವುದು ವಿಶ್ವಸಂಸ್ಥೆಯ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳು (2011, ಒಟ್ಟು 31) ಮತ್ತು ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓಇಸಿಡಿ ಬಹುರಾಷ್ಟ್ರೀಯ ಕಂಪನಿಗಳಿಗೆ ಕೊಟ್ಟ ಮಾರ್ಗಸೂಚಿ (1976ರದ್ದು, ಕೊನೆಯ ಪರಿಷ್ಕರಣೆ 2023ರಲ್ಲಿ). ನಡೆಸಿದ್ದನ್ನು ಬಹಿರಂಗವಾಗಿ ಹೇಳುವುದಕ್ಕೆ ಜಿಆರ್‌ಐ (ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್) ಎಂಬ ಸಂಸ್ಥೆಯ ಸ್ಟ್ಯಾಂಡರ್ಡ್‌ಗಳಿವೆ, ಅದರಲ್ಲಿ ಕೇಳುವ ಒಂದೊಂದು ಮಾಹಿತಿಗೂ 408-1 ಥರದ ಒಂದು ನಂಬರ್ ಇರುತ್ತದೆ. ಹಣ ಹೂಡುವವರಿಗೆ ಬೇಕಾದ ಮಾಹಿತಿಗೆ ಐಎಸ್‌ಎಸ್‌ಬಿ (ಅಂತರರಾಷ್ಟ್ರೀಯ ಸಸ್ಟೈನಬಿಲಿಟಿ ಮಾನದಂಡ ಮಂಡಳಿ) ಹೊರತಂದ ಎಸ್1, ಎಸ್2 ಎಂಬ ಸ್ಟ್ಯಾಂಡರ್ಡ್‌ಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಹೋಗಬೇಡಿ.

ಈಗ ಟೇಬಲ್. ಎಕ್ಸೆಲ್ ಶೀಟ್ ಸಾಕು, ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಹತ್ತು ತತ್ವಗಳಿಗೆ ಹತ್ತು ಸಾಲು. ಪ್ರತಿ ಸಾಲಿಗೂ ಬರವಣಿಗೆಯಲ್ಲಿ ಇರುವ ನೀತಿ ಯಾವುದು, ಈ ವರ್ಷ ಏನು ಮಾಡಿದಿರಿ, ಅದರಿಂದ ಏನಾಯಿತು, ದಾಖಲೆ ಯಾರ ಹತ್ತಿರ ಇದೆ ಅಂತ ಕಾಲಂ ಮಾಡಿ. ಪಕ್ಕದಲ್ಲಿ ಹೊಂದುವ ಜಿಆರ್‌ಐ ನಂಬರ್. 'ದಾಖಲೆ ಯಾರ ಹತ್ತಿರ' ಅನ್ನುವ ಕಾಲಂ ಬಿಡಲೇಬೇಡಿ, ಅಲ್ಲಿ ಇಲಾಖೆಯ ಹೆಸರು ಸಾಲದು, ಒಬ್ಬ ಮನುಷ್ಯನ ಹೆಸರು ಇರಬೇಕು. 'ಎಚ್‌ಆರ್' ಅಂತ ಬರೆದರೆ ಕೊನೇ ವಾರ ಯಾರೂ ಫೋನ್ ಎತ್ತುವುದಿಲ್ಲ.

ತುಂಬಲು ಶುರು ಮಾಡಿದ ಕೂಡಲೇ ಒಂದು ವಿಷಯ ಗೊತ್ತಾಗುತ್ತದೆ. ಪರಿಸರದ ಸಾಲುಗಳಲ್ಲಿ ಅಂಕಿ ತುಂಬಿ ತುಳುಕುತ್ತಿರುತ್ತದೆ. ಕರೆಂಟ್ ಬಿಲ್, ಡೀಸೆಲ್ ಬಿಲ್, ನೀರಿನ ಮೀಟರ್ ಎಲ್ಲ ಅಕೌಂಟ್ಸ್‌ನಲ್ಲಿ ಇರುತ್ತವಲ್ಲ. ದುಡಿಮೆ ಮತ್ತು ಮಾನವ ಹಕ್ಕಿನ ಸಾಲುಗಳಲ್ಲಿ ನೀತಿಯ ಪಿಡಿಎಫ್ ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮ ಸಮಯ ಹೋಗಬೇಕಾದದ್ದು ಅಲ್ಲಿಗೆ.

ಬಾಲಕಾರ್ಮಿಕತೆ, ಅಂದರೆ ಐದನೇ ತತ್ವವನ್ನೇ ತಗೊಳ್ಳಿ. ರಿಪೋರ್ಟುಗಳಲ್ಲಿ ಮಾಮೂಲಾಗಿ ಇರುವ ಸಾಲು: 'ನಮ್ಮಲ್ಲಿ ಬಾಲಕಾರ್ಮಿಕರ ಪ್ರಕರಣ ಸೊನ್ನೆ'. ಇದು ಉತ್ತರವೇ ಅಲ್ಲ. ಜಿಆರ್‌ಐ 408-1 ಕೇಳುವುದು ಪ್ರಕರಣಗಳ ಲೆಕ್ಕವನ್ನಲ್ಲ, ನಿಮ್ಮ ಯಾವ ಘಟಕಗಳಲ್ಲಿ, ಯಾವ ಥರದ ಪೂರೈಕೆದಾರರಲ್ಲಿ, ಯಾವ ಪ್ರದೇಶದಲ್ಲಿ ಈ ಅಪಾಯ ಹೆಚ್ಚಿದೆ ಮತ್ತು ಅದಕ್ಕೆ ಏನು ಮಾಡಿದಿರಿ ಅಂತ. ಬಲವಂತದ ದುಡಿಮೆಯ 409-1, ಸಂಘ ಕಟ್ಟುವ ಹಕ್ಕಿನ 407-1 ಕೂಡ ಹೀಗೇ ಕೇಳುತ್ತವೆ. ಅಪಾಯ ಹುಡುಕದೇ ಇದ್ದವರಿಗೂ ಸೊನ್ನೆ ಸಿಗುತ್ತದೆ, ಅಲ್ವಾ? ಹಾಗಾಗಿ ಖರೀದಿ ವಿಭಾಗದವರ ಜೊತೆ ಕೂತು ಪೂರೈಕೆದಾರರ ಪಟ್ಟಿ ತೆಗೆಯಿರಿ. ನೇರ ಪೂರೈಕೆದಾರರು ಯಾರು, ಅವರಿಗೆ ಮಾಲು ಕೊಡುವವರು ಯಾರು, ಎಲ್ಲಿಂದ ಮುಂದೆ ನಿಮಗೆ ಏನೂ ಗೊತ್ತಿಲ್ಲ ಅನ್ನೋದನ್ನು ಗುರುತಿಸಿ. ಗೊತ್ತಿಲ್ಲದ ಆ ಗೆರೆಯನ್ನೇ ರಿಪೋರ್ಟಿನಲ್ಲಿ ಬರೆಯಿರಿ. ಎರಡನೇ ಹಂತದ ಆಚೆ ನಮಗೆ ಮಾಹಿತಿ ಇಲ್ಲ, ಮುಂದಿನ ವರ್ಷ ಇಂಥ ಕಚ್ಚಾವಸ್ತುವಿನಿಂದ ಶುರು ಮಾಡುತ್ತೇವೆ ಅನ್ನುವ ಎರಡು ಸಾಲು, ಹತ್ತು ಪುಟದ ನೀತಿಗಿಂತ ಜಾಸ್ತಿ ಹೇಳುತ್ತದೆ.

ಗುತ್ತಿಗೆ ಕೆಲಸಗಾರರು ಇನ್ನೊಂದು ಕಣ್ಣುಮುಚ್ಚಾಲೆಯ ಜಾಗ. ಜಿಆರ್‌ಐ 2-7 ನಿಮ್ಮ ಉದ್ಯೋಗಿಗಳ ಬಗ್ಗೆ, 2-8 ನಿಮ್ಮ ಉದ್ಯೋಗಿಗಳಲ್ಲದೆ ನಿಮ್ಮ ನಿಯಂತ್ರಣದಲ್ಲಿ ದುಡಿಯುವವರ ಬಗ್ಗೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್‌ನವರು ಗುತ್ತಿಗೆಯ ಮೂಲಕ ಬಂದಿದ್ದರೂ ಅವರ ಕೆಲಸ ನಿಮ್ಮ ಹತೋಟಿಯಲ್ಲಿದ್ದರೆ ಎರಡನೆಯದರಲ್ಲಿ ಬರುತ್ತಾರೆ. ಅವರನ್ನು ಬಿಟ್ಟು ಅಪಘಾತದ ದರ ಲೆಕ್ಕ ಹಾಕಿದರೆ ಅಂಕಿ ಚೆಂದ ಕಾಣುತ್ತದೆ, ಸುಳ್ಳಾಗಿರುತ್ತದೆ. ಅಪಘಾತಗಳ ಬಗ್ಗೆ ಕೇಳುವ ಜಿಆರ್‌ಐ 403-9ರಲ್ಲಿ ದರವನ್ನು 2 ಲಕ್ಷ ಅಥವಾ 10 ಲಕ್ಷ ಕೆಲಸದ ಗಂಟೆಗಳ ಮೇಲೆ ಲೆಕ್ಕ ಹಾಕಬೇಕು, ಯಾವುದನ್ನು ಬಳಸಿದಿರಿ ಅಂತ ಹೇಳಲೂಬೇಕು. ಅಂದಹಾಗೆ, ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವನ್ನು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) 2022ರಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಸುರಕ್ಷತೆಯನ್ನು ದುಡಿಮೆಯ ಸಾಲುಗಳ ಜೊತೆಯೇ ಇಡಿ.

ಯಾವ ವಿಷಯ ಮುಖ್ಯ ಅಂತ ಆರಿಸುವುದು ಹೇಗೆ? ನೂರಾರು ಜನಕ್ಕೆ ಸರ್ವೆ ಕಳಿಸಿ, ಸರಾಸರಿ ತೆಗೆದು, ಬಣ್ಣದ ಚುಕ್ಕೆಗಳ ಚಾರ್ಟ್ ಮಾಡುವುದು ರೂಢಿ. ನನಗೆ ಇದು ಇಷ್ಟವಿಲ್ಲ. ಪೆಟ್ಟು ತಿನ್ನುವವರು ಕಡಿಮೆ ಜನ, ಸರ್ವೆ ತುಂಬುವವರು ಆಫೀಸಿನವರು, ಹಾಗಾಗಿ ಸರಾಸರಿಯಲ್ಲಿ ಕೆಳಗಿನವರ ದನಿ ಮುಳುಗಿ ಹೋಗುತ್ತದೆ. ಮಾರ್ಗದರ್ಶಿ ತತ್ವಗಳ ದಾರಿ ಬೇರೆ: ಹಾನಿ ಎಷ್ಟು ಗಂಭೀರ, ಎಷ್ಟು ಜನಕ್ಕೆ, ಸರಿಪಡಿಸಲು ಆಗುತ್ತದೋ ಇಲ್ಲವೋ. ಮುಖ್ಯ ವಿಷಯ ಆರಿಸುವ ಬಗೆ ಹೇಳುವ ಜಿಆರ್‌ಐ 3 ಕೂಡ ಇದನ್ನೇ ಹೇಳುತ್ತದೆ, ಮುಂದೆ ಆಗಬಹುದಾದ ಮಾನವ ಹಕ್ಕಿನ ಹಾನಿಯಲ್ಲಿ 'ಆಗುವ ಸಾಧ್ಯತೆ ಎಷ್ಟು' ಎನ್ನುವುದಕ್ಕಿಂತ 'ಆದರೆ ಎಷ್ಟು ಗಂಭೀರ' ಎನ್ನುವುದಕ್ಕೇ ಹೆಚ್ಚು ತೂಕ. ಕಂಪನಿಯ ಲಾಭಕ್ಕೆ ಏನು ಪೆಟ್ಟು ಎಂಬುದು ಬೇರೆ ಲೆಕ್ಕ, ಅದನ್ನು ಬೇರೆ ಶೀಟಿನಲ್ಲಿ ಮಾಡಿ.

ಆಮೇಲೆ ದೂರಿನ ವಿಷಯ. 'ನಮಗೆ ಒಂದೂ ದೂರು ಬಂದಿಲ್ಲ' ಅಂತ ಹೆಮ್ಮೆಯಿಂದ ಬರೆಯುವವರಿದ್ದಾರೆ. ಸಾವಿರಾರು ಜನ ದುಡಿಯುವ ಕಡೆ ಒಂದೂ ದೂರು ಇಲ್ಲ ಅಂದರೆ ನಾನಾದರೆ ಮೊದಲು ಆ ದೂರಿನ ನಂಬರ್‌ಗೆ ಫೋನ್ ಮಾಡಿ ನೋಡುತ್ತೇನೆ. ಯಾರಾದರೂ ಎತ್ತುತ್ತಾರಾ? ಕೆಲಸಗಾರರ ಭಾಷೆಯಲ್ಲಿ ಮಾತಾಡುತ್ತಾರಾ? ದೂರು ಕೊಟ್ಟವರ ಹೆಸರು ಸೂಪರ್‌ವೈಸರ್ ಕಿವಿಗೆ ಬೀಳುತ್ತದಾ? ಮಾರ್ಗದರ್ಶಿ ತತ್ವಗಳಲ್ಲಿ ಕೊನೆಯದಾದ 31ನೆಯದು ಇಂಥ ವ್ಯವಸ್ಥೆ ಹೇಗಿರಬೇಕು ಅಂತ ಬಿಡಿಬಿಡಿಯಾಗಿ ಹೇಳುತ್ತದೆ. ಜನ ನಂಬಬೇಕು, ಸುಲಭವಾಗಿ ಸಿಗಬೇಕು, ಎಷ್ಟು ದಿನದಲ್ಲಿ ಏನಾಗುತ್ತದೆ ಅಂತ ಮೊದಲೇ ಗೊತ್ತಿರಬೇಕು. ಎಷ್ಟು ದೂರು ಬಂತು, ಯಾವುದರ ಬಗ್ಗೆ, ಎಷ್ಟು ಬಗೆಹರಿಯಿತು, ನೊಂದವರಿಗೆ ಏನು ಪರಿಹಾರ ಸಿಕ್ಕಿತು ಅಂತ ಬರೆಯಿರಿ. ಜಿಆರ್‌ಐ 2-25 ಇದರ ಜಾಗ. ಯಾರ ಹೆಸರೂ ಹೊರಗೆ ಬರದ ಹಾಗೆ ನೋಡಿಕೊಳ್ಳಿ, ಸಣ್ಣ ಘಟಕದಲ್ಲಿ ಹುದ್ದೆ ಹೇಳಿದರೂ ಹೆಸರು ಹೇಳಿದ ಹಾಗೇ.

ಪರಿಸರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಸಲಹೆಗಾರರು ಬೇಕಾದಷ್ಟು ಜನ ಇದ್ದಾರೆ. ಎರಡೇ ಮಾತು. ಏಳನೇ ತತ್ವ ಮುನ್ನೆಚ್ಚರಿಕೆಯದು, ಇದರ ಬೇರು 1992ರ ರಿಯೊ ಘೋಷಣೆಯಲ್ಲಿದೆ. ಇದನ್ನು ಮರ ಬೆಳೆಸಿದ ಲೆಕ್ಕದಿಂದ ತುಂಬಬೇಡಿ. ನಿಮ್ಮ ನೀತಿಯಲ್ಲಿ ಮುನ್ನೆಚ್ಚರಿಕೆಯ ಮಾತಿದೆಯೇ ಅಂತ ಜಿಆರ್‌ಐ 2-23 ನೇರವಾಗಿ ಕೇಳುತ್ತದೆ, ಉತ್ತರ ಅಲ್ಲಿರಲಿ. ಇನ್ನು ಸ್ಕೋಪ್ 3, ಅಂದರೆ ನಿಮ್ಮ ಗೇಟಿನ ಆಚೆಯ ಹೊಗೆ (ಕೊಂಡ ಕರೆಂಟಿನದು ಬಿಟ್ಟು). ಇದರಲ್ಲಿ 15 ವಿಭಾಗಗಳಿವೆ. ಯಾವುದನ್ನು ಲೆಕ್ಕ ಹಾಕಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಅಂತ ಹೇಳಿ. ಸುಲಭದ ವಿಮಾನ ಪ್ರಯಾಣ ಮಾತ್ರ ಲೆಕ್ಕ ಹಾಕಿ 'ಸ್ಕೋಪ್ 3' ಅಂತ ಹೆಡ್ಡಿಂಗ್ ಕೊಡುವುದು ಓದುಗರ ಮೂಗಿಗೆ ತುಪ್ಪ ಸವರುವ ಕೆಲಸ.

ಭ್ರಷ್ಟಾಚಾರದ ಹತ್ತನೇ ತತ್ವಕ್ಕೆ ಜಿಆರ್‌ಐ 205 ಇದೆ. ಎಷ್ಟು ಘಟಕಗಳಲ್ಲಿ ಲಂಚದ ಅಪಾಯ ಪರಿಶೀಲಿಸಿದಿರಿ, ಯಾರಿಗೆ ತರಬೇತಿ ಕೊಟ್ಟಿರಿ, ಸಾಬೀತಾದ ಪ್ರಕರಣ ಎಷ್ಟು. ತರಬೇತಿಯ ಲೆಕ್ಕದಲ್ಲಿ ಆಡಳಿತ ಮಂಡಳಿಯನ್ನೂ ಸೇರಿಸಿ ಕೇಳುತ್ತಾರೆ, ಸಾಮಾನ್ಯವಾಗಿ ಖಾಲಿ ಬಿಡುವುದು ಅದನ್ನೇ.

ಟೇಬಲ್ ತುಂಬಿದ ಮೇಲೆ ಒಂದು ನಿರ್ಧಾರ ಬಾಕಿ ಇರುತ್ತದೆ. ಜಿಆರ್‌ಐ ಪ್ರಕಾರ ಪೂರ್ತಿ ಮಾಡಿದ್ದೇವೆ ಅನ್ನುತ್ತೀರೋ, ಜಿಆರ್‌ಐ ಆಧಾರ ಇಟ್ಟುಕೊಂಡಿದ್ದೇವೆ ಅನ್ನುತ್ತೀರೋ? ಇವೆರಡೂ ಬೇರೆ. ಮೊದಲನೆಯದಕ್ಕೆ ಒಂಬತ್ತು ಷರತ್ತುಗಳಿವೆ. ಮೊದಲ ವರ್ಷದವರು ಸುಮ್ನೆ ಎರಡನೆಯದನ್ನು ಆರಿಸಿಕೊಳ್ಳಿ, ಅದರಲ್ಲಿ ಅವಮಾನ ಏನಿಲ್ಲ. ಪೂರ್ತಿ ಮಾಡುವವರು ಏನಾದರೂ ಬಿಟ್ಟರೆ ಕಾರಣ ಕೊಡಬೇಕು, ಒಪ್ಪುವ ಕಾರಣ ನಾಲ್ಕೇ: ನಮಗೆ ಅನ್ವಯಿಸುವುದಿಲ್ಲ, ಕಾನೂನು ತಡೆಯುತ್ತದೆ, ಗೋಪ್ಯತೆ, ಮಾಹಿತಿ ಇಲ್ಲ ಅಥವಾ ಅರ್ಧ ಇದೆ. 2-1ರಿಂದ 2-5 (ಕಂಪನಿ ಮತ್ತು ವರದಿಯ ಮೂಲ ವಿವರ) ಮತ್ತು 3-1, 3-2ಕ್ಕೆ (ಮುಖ್ಯ ವಿಷಯ ಆರಿಸಿದ ಬಗೆ, ಅವುಗಳ ಪಟ್ಟಿ) ಈ ವಿನಾಯಿತಿ ಇಲ್ಲ.

ಗ್ಲೋಬಲ್ ಕಾಂಪ್ಯಾಕ್ಟ್‌ಗೆ ವರ್ಷವರ್ಷ ಕೊಡಬೇಕಾದ ಪ್ರಗತಿ ವರದಿ ಈಗ ಆನ್‌ಲೈನ್ ಪ್ರಶ್ನಾವಳಿಯ ರೂಪದಲ್ಲಿದೆ, ಜೊತೆಗೆ ಸಿಇಒ ಹೇಳಿಕೆ. ಕೊಡದೆ ಕೂತರೆ ಕೊನೆಗೆ ಪಟ್ಟಿಯಿಂದ ಹೊರಹಾಕುತ್ತಾರೆ. ನಿಮ್ಮ ಟೇಬಲ್ ಸರಿ ಇದ್ದರೆ ಹೆಚ್ಚಿನ ಉತ್ತರಗಳು ಅಲ್ಲೇ ಸಿಗುತ್ತವೆ. ರಿಪೋರ್ಟಿನಲ್ಲಿ ಒಂದು ಅಂಕಿ, ಪ್ರಶ್ನಾವಳಿಯಲ್ಲಿ ಇನ್ನೊಂದು ಅಂಕಿ ಆಗದ ಹಾಗೆ ಎರಡನ್ನೂ ಒಬ್ಬರೇ ತುಂಬಲಿ. ಹೋದ ವರ್ಷದ ಅಂಕಿ ತಪ್ಪಿತ್ತು ಅಂತ ಈಗ ಗೊತ್ತಾದರೆ ಸದ್ದಿಲ್ಲದೆ ಬದಲಾಯಿಸಬೇಡಿ, ಜಿಆರ್‌ಐ 2-4ರಲ್ಲಿ ಹಳೆಯ ಅಂಕಿಯನ್ನು ಯಾಕೆ ತಿದ್ದಿದಿರಿ, ಅದರಿಂದ ಏನು ವ್ಯತ್ಯಾಸವಾಯಿತು ಅಂತ ಬರೆಯಿರಿ.