ಎರಡು ಟರ್ನ್‌ಟೇಬಲ್, ಒಂದು ಡ್ರಮ್ ಮೆಷಿನ್, ಎರಡು ಕಡಪ ಕಲ್ಲು

ಹೋದ ತಿಂಗಳು ಇಂದಿರಾನಗರದ ಒಂದು ಪಬ್‌ನಲ್ಲಿ ಡಿಜೆಯಾಗಿ ನಾಲ್ಕು ಗಂಟೆ ಬಿಡದೆ ನುಡಿಸಿದೆ. ಲ್ಯಾಪ್‌ಟಾಪ್ ಇಲ್ಲ, ತಾಳವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಇಲ್ಲ. ಟರ್ನ್‌ಟೇಬಲ್ ಮೇಲೆ ತಿರುಗುವ ಬರೀ ಪ್ಲೇಟು, ಅಂದರೆ ಗ್ರಾಮಫೋನ್ ರೆಕಾರ್ಡು, ಜೊತೆಗೆ ಉದ್ದಕ್ಕೂ ಓಡುವ ಒಂದು ಡ್ರಮ್ ಮೆಷಿನ್, ತಾಳ ಬಾರಿಸುವ ಯಂತ್ರ. "ಮಾಡೇಬಿಟ್ಟೆ ಕಣೋ" ಅಂತ ಬಂದು ಕೈ ಕುಲುಕಿದವರು, ಮೂರು ವರ್ಷದಿಂದ ಇದು ಆಗದ ಕೆಲಸ ಅನ್ನುತ್ತಿದ್ದ ಅದೇ ಗೆಳೆಯರು. ಅದಕ್ಕೇ ಬರೆಯುತ್ತಿದ್ದೇನೆ.

ದಾರಿ ತೋರಿಸಿದವರು ಡಿಜೆ ಫ್ರ್ಯಾಂಕಿ ನಕಲ್ಸ್. ನ್ಯೂಯಾರ್ಕ್ ಹುಡುಗ, 1977ರಲ್ಲಿ ಶಿಕಾಗೋದ ವೇರ್‌ಹೌಸ್ ಕ್ಲಬ್ಬಿಗೆ ಬಂದರು. 'ಹೌಸ್' ಅನ್ನೋ ನೃತ್ಯ ಸಂಗೀತದ ಹೆಸರು ಹುಟ್ಟಿದ್ದೇ ಆ ಕ್ಲಬ್ಬಿನಿಂದ. ಹೊಸ ಡಿಸ್ಕೋ ಪ್ಲೇಟು ಬರೋದು ಕಮ್ಮಿಯಾದಾಗ, ಇದ್ದ ಹಾಡನ್ನೇ ಟೇಪಿನಲ್ಲಿ ಕತ್ತರಿಸಿ, ಅಂಟಿಸಿ ಉದ್ದ ಮಾಡಿದರು. ಆಮೇಲೆ ಪವರ್ ಪ್ಲಾಂಟ್ ಕ್ಲಬ್ಬಿನ ಕಾಲದಲ್ಲಿ, ಡೆಟ್ರಾಯಿಟ್‌ನ ಸಂಗೀತಗಾರ ಡೆರಿಕ್ ಮೇ ಹತ್ತಿರ ರೋಲ್ಯಾಂಡ್ ಕಂಪನಿಯ 909 ಡ್ರಮ್ ಮೆಷಿನ್ ಒಂದನ್ನು ಕೊಂಡು, ಹಳೇ ಪ್ಲೇಟಿನ ಜೊತೆ ಅದನ್ನು ಓಡಿಸಿದರು. ನೂರು ಸಲ ಕೇಳಿದ ಹಾಡಿಗೆ ಹೊಸ ಕಾಲು ಬಂದ ಹಾಗೆ. ನನಗೆ ಬೇಕಾಗಿದ್ದು ಅದೇ.

ಅಸಲಿ 909 ನಮ್ಮ ಕೈಗೆ ಎಟುಕೋದಿಲ್ಲ, ಅಲ್ವಾ? ಅದರ ನಕಲೊಂದನ್ನು ಸುಮಾರು 30,000 ಕೊಟ್ಟು ತಂದೆ. ಎಂಟು ತಿಂಗಳು ಬರೀ ಸೋಲು. ಡಿಸ್ಕೋ ಪ್ಲೇಟಿನಲ್ಲಿ ನುಡಿಸಿರೋನು ಮನುಷ್ಯ. ನಿಮಿಷಕ್ಕೆ 118 ಬಡಿತದಲ್ಲಿ ಶುರುಮಾಡಿ ಪಲ್ಲವಿ ಬರುವಾಗ 120ಕ್ಕೆ ಏರಿರುತ್ತಾನೆ. ಮೆಷಿನ್ ಜಗ್ಗೋದಿಲ್ಲ. ಎರಡರ ಕಿಕ್ಕೂ, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟೂ, ಒಟ್ಟಿಗೆ ಬಿಟ್ಟರೆ 'ಧಬ್' ಹೋಗಿ 'ಧ-ಧಬ್' ಆಗುತ್ತದೆ. ಕೋರಮಂಗಲದ ಒಂದು ಕಡೆ ಇಪ್ಪತ್ತೇ ನಿಮಿಷಕ್ಕೆ ನಿಲ್ಲಿಸಿಬಿಟ್ಟರು. ಮಾತಾಡಿದ್ದ 6,000 ಇವತ್ತಿಗೂ ಬಂದಿಲ್ಲ.

ಬಗೆಹರಿದದ್ದು ಹೀಗೆ. ಮೆಷಿನ್ನಿನ ಕಿಕ್ ಮುಚ್ಚಿಟ್ಟೆ. ಪ್ಲೇಟು ಓಡುವಾಗ ಮೆಷಿನ್ನಿನಿಂದ ಹೈಹ್ಯಾಟ್ (ಸಣ್ಣ ತಾಳದ ಸದ್ದು), ಕ್ಲ್ಯಾಪ್ (ಚಪ್ಪಾಳೆ ಸದ್ದು) ಮಾತ್ರ. ಅವು ಕೂದಲೆಳೆ ಆಚೀಚೆ ಆದರೂ ಕಿವಿಗೆ ಚುಚ್ಚೋದಿಲ್ಲ. ಬ್ರೇಕ್ ಬಂದು ಪ್ಲೇಟಿನ ಕಿಕ್ ನಿಂತ ಕೂಡಲೇ ಅದರ ಬೇಸ್ (ತಗ್ಗಿನ ಸದ್ದು) ಇಳಿಸಿ, ಮೆಷಿನ್ನಿನ ಕಿಕ್ ತೆರೆಯುತ್ತೇನೆ. ಮುಂದಿನ ಪ್ಲೇಟನ್ನು ಹಿಂದಿನ ಪ್ಲೇಟಿಗೆ ಹೊಂದಿಸೋದೇ ಇಲ್ಲ, ಮೆಷಿನ್ನಿಗೆ ಹೊಂದಿಸುತ್ತೇನೆ. ಇಷ್ಟು ತಿಳಿಯೋಕೆ ಒಂದು ವರ್ಷ ಹಿಡಿಯಿತು. ಪ್ಲೇಟು ಜಾರೋದಕ್ಕೆ ಮೊದಲೇ ಹೆಡ್‌ಫೋನಿನಲ್ಲಿ ಹೇಗೆ ಹಿಡಿಯುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮಧ್ಯೆ ಒಂದು ಸಂತೋಷದ ವಿಷಯ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡಿನ 303 ಬೇಸ್ ಮೆಷಿನ್, 808 ಡ್ರಮ್ ಮೆಷಿನ್ ಇಟ್ಟುಕೊಂಡು ರಾಗಗಳನ್ನು ನುಡಿಸಿ ಪ್ಲೇಟು ಮಾಡಿದ್ದರು. ಆಗ ಅದು ಓಡಲಿಲ್ಲ. 2010ರ ಮರುಮುದ್ರಣ ನನ್ನಲ್ಲಿದೆ. ಅದರ ತಾಳ ಮೆಷಿನ್ನಿನದೇ ಆದ್ದರಿಂದ ಐದಾರು ನಿಮಿಷ ಪ್ಲೇಟಿನ ವೇಗ ಹೊಂದಿಸುವ ಪಿಚ್ ಸ್ಲೈಡರ್ ಮುಟ್ಟದೆ ನಿಂತಿದ್ದೆ. ಮೈ ಜುಮ್ಮೆಂದಿತು. ನಮ್ಮ ಬೀದಿಯ ಅಣ್ಣಮ್ಮನ ಉತ್ಸವದ ತಮಟೆ ರೆಕಾರ್ಡ್ ಮಾಡಿಯೂ ನೋಡಿದೆ. ಅದರ ನಡೆ ಆರರದು, ಮೆಷಿನ್ನಿನದು ನಾಲ್ಕರದು. ಇನ್ನೂ ಕೂಡಿಬಂದಿಲ್ಲ, ಬಿಟ್ಟೂ ಇಲ್ಲ.

ಇನ್ನು ಗುಂಯ್‌ಗುಡುವ ಕಾಟ. ಪಬ್ಬಿನ ವೇದಿಕೆ ಪ್ಲೈವುಡ್ಡು, ಒಳಗೆಲ್ಲ ಟೊಳ್ಳು. ಸ್ಪೀಕರಿನ ಬೇಸ್ ಟರ್ನ್‌ಟೇಬಲಿನ ಮುಳ್ಳಿಗೆ ಹತ್ತಿ, ಮತ್ತೆ ಸ್ಪೀಕರಿಗೇ ಹೋಗಿ ಮೊರೆಯುತ್ತದೆ. ಫೋಮ್ ಹಾಕಿದೆ, ನಾರಿನ ಚಾಪೆ ಹಾಕಿದೆ, 4,000 ಕೊಟ್ಟು ಸ್ಪ್ರಿಂಗ್ ಕಾಲು ತರಿಸಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಕೊನೆಗೆ ಬನ್ನೇರುಘಟ್ಟ ರಸ್ತೆಯ ಕಲ್ಲಿನಂಗಡಿಯಲ್ಲಿ ಎರಡಿಂಚು ದಪ್ಪದ ಕಡಪ ಕಲ್ಲು ಎರಡು ತುಂಡು ಕೊಯ್ಯಿಸಿದೆ. ಎರಡೂ ಸೇರಿ 900 ಇರಬೇಕು. ಟೆನಿಸ್ ಚೆಂಡು ಅರ್ಧಕ್ಕೆ ಸೀಳಿ, ಬೋರಲು ಹಾಕಿ, ಮೂಲೆಗೊಂದರಂತೆ ನಾಲ್ಕು. ಮೇಲೆ ಕಲ್ಲು, ಕಲ್ಲಿನ ಮೇಲೆ ಟರ್ನ್‌ಟೇಬಲ್. ಬೇಸ್ ಪೂರ್ತಿ ಏರಿಸಿ, ನಿಂತ ಪ್ಲೇಟಿನ ಮೇಲೆ ಮುಳ್ಳಿಟ್ಟು, ಬೆರಳಲ್ಲಿ ವೇದಿಕೆ ಕುಟ್ಟಿದೆ. ಸದ್ದಿಲ್ಲ!

ಒಂದೊಂದು ಕಲ್ಲೂ ಇಪ್ಪತ್ತು ಕೆಜಿ ಮೇಲಿದೆ. ಆಟೋದವರು ಹತ್ತಿಸಿಕೊಳ್ಳೋಕೆ ಒಪ್ಪಲ್ಲ. ಮುಂದಿನ ಶನಿವಾರ ಅದೇ ಪಬ್ಬಿನಲ್ಲಿ ಐದು ಗಂಟೆ ಕೊಟ್ಟಿದ್ದಾರೆ, 18,000ಕ್ಕೆ ಮಾತಾಗಿದೆ. ಕಲ್ಲು ಅಲ್ಲೇ ಬಿಟ್ಟು ಬಂದಿದ್ದೇನೆ.