ಟ್ರೈನಿಂಗ್‌ಗೆ ದುಡ್ಡು ಕೊಟ್ಟು ಕೆಲಸ ಆಯ್ತು: ನನ್ನ ಅನುಭವ

ಮಧ್ಯಾಹ್ನ ಊಟ ಆದ್ಮೇಲೆ ಟ್ರೈನಿಂಗ್ ಹಾಲ್ ಅರ್ಧ ಖಾಲಿ ಆಗೋದು ಮಕ್ಕಳ ರಕ್ಷಣೆ ಕೆಲಸದಲ್ಲಿರೋ ಎಲ್ರಿಗೂ ಗೊತ್ತಿರೋದೇ. ನಮ್ಮದು ಬೆಂಗಳೂರಿನ ಸಣ್ಣ ಸಂಸ್ಥೆ, ಕೇಸ್ ವರ್ಕರ್ಸು, ಔಟ್‌ರೀಚ್‌ನೋರು ಎಲ್ಲ ಸೇರಿ ಸುಮಾರು 30 ಜನ. ಸಂಬಳ 15-16 ಸಾವಿರದ ಆಸುಪಾಸು. ಪೀಣ್ಯದಿಂದ ಹೊಸೂರು ರೋಡಿಗೆ ಬರೋಕೆ ಬಸ್ಸು, ಮೆಟ್ರೋ, ಆಟೋ, ಮೇಲಿಂದ ಆ ದಿನದ ಕೇಸ್ ಕೆಲಸ ರಾತ್ರಿ ಕೂತು ಮುಗಿಸ್ಬೇಕು. ಟ್ರೈನಿಂಗ್‌ಗೆ ಬಂದೋರಿಗೆ ದುಡ್ಡು ಕೊಡೋಣ ಅಂದಿದ್ದಕ್ಕೆ ಟ್ರಸ್ಟಿಗಳು, ಸೇವೆಗೆ ಬಂದೋರಿಗೆ ದುಡ್ಡಿನ ಚಟ ಹತ್ತಿಸ್ತೀರ ಅಂದ್ರು.

ಮೊದ್ಲು ದಿನಕ್ಕೆ 300 ಭತ್ಯೆ ಇಟ್ವಿ. ಸಹಿ ಹಾಕಿ, ಊಟ ಮಾಡಿ ಹೊರಟ್ರು. ಆಮೇಲೆ ಪರೀಕ್ಷೆ ಪಾಸಾದ್ರೆ ಒಂದೇ ಸಲ 5,000. ಎಲ್ರೂ ಪಾಸು, ಜೆಜೆ ಆಕ್ಟ್ (ಬಾಲ ನ್ಯಾಯ ಕಾಯ್ದೆ) ಸೆಕ್ಷನ್‌ಗಳು ಬಾಯಿಪಾಠ, ಫೈಲ್ ತೆಗೆದು ಫಾರ್ಮ್ 22, ಅಂದ್ರೆ ಮಗುವಿನ ಮನೆ ಸ್ಥಿತಿ ವಿಚಾರಿಸಿ ಬರೆಯೋ ವರದಿ (ಎಸ್‌ಐಆರ್), ನೋಡಿದ್ರೆ ಎಲ್ಲ ಮಕ್ಕಳಿಗೂ ಅದೇ ಒಂದು ಸಾಲು, ಕುಟುಂಬದ ಆರ್ಥಿಕ ಸ್ಥಿತಿ ಸರಿಯಿಲ್ಲ ಅಂತ. ಒಂದೂವರೆ ಲಕ್ಷದ ಹತ್ರ ಹೋಯ್ತು, ನಾಲ್ಕೈದು ಜನ ಸರ್ಟಿಫಿಕೇಟ್ ಹಿಡ್ಕೊಂಡು ಬೇರೆ ಕಡೆ ಸೇರ್ಕೊಂಡ್ರು. ಬಾಂಡ್ ಬರೆಸ್ಕೊಳ್ಳಿ ಮೇಡಂ ಅಂದ್ರು ಅಕೌಂಟೆಂಟ್. ಅಮೆರಿಕದಲ್ಲಿ ಮಕ್ಕಳ ರಕ್ಷಣೆಗೆ ಟೈಟಲ್ ಫೋರ್-ಇ ಅಂತ ಅನುದಾನ ಇದೆ, ಟ್ರೈನಿಂಗ್ ಖರ್ಚಲ್ಲಿ 75 ಪರ್ಸೆಂಟ್ ವರೆಗೂ ಫೆಡರಲ್ ಸರ್ಕಾರ ಕೊಡುತ್ತೆ, ಸೋಷಿಯಲ್ ವರ್ಕ್ ಓದೋರಿಗೆ ಸ್ಟೈಪೆಂಡ್ ಕೊಟ್ಟು, ಆಮೇಲೆ ಇಂತಿಷ್ಟು ಕಾಲ ಇಲ್ಲೇ ಕೆಲಸ ಮಾಡಿ, ಇಲ್ಲಾಂದ್ರೆ ವಾಪಸ್ ಕಟ್ಟಿ ಅಂತಾರೆ. ಅವರ ಹಿಂದೆ ಸರ್ಕಾರ ಇದೆ, ನಡೆಯುತ್ತೆ. ನಾವು 15 ಸಾವಿರ ಸಂಬಳದ ಹುಡುಗಿಗೆ ಲಾಯರ್ ನೋಟಿಸ್ ಕಳ್ಸೋದಾ?

ಈಗ ಓಡಾಟದ ಖರ್ಚು ಅವತ್ತೇ ಸಂಜೆ ಯುಪಿಐಲಿ ಹಾಕ್ತೀವಿ, ಬಿಲ್ ಕೇಳಲ್ಲ. 2,000 ಗೌರವಧನ ಮಾತ್ರ ಎರಡ್ಮೂರು ತಿಂಗಳಾದ್ಮೇಲೆ, ಅವರದ್ದೇ ಕೇಸಿನ ಎಸ್‌ಐಆರ್ ನೋಡಿ. ಮನೆಗೆ ಹೋಗಿದ್ರಾ, ಮಗು ಹೇಳಿದ್ದು ಮಗುವಿನ ಮಾತಲ್ಲೇ ಇದ್ಯಾ, ಅಜ್ಜಿನೋ ಸೋದರಮಾವನೋ ನೋಡ್ಕೊಳ್ಳೋರು ಇದಾರಾ ಅಂತ ಹುಡುಕಿದ್ರಾ, ಕಾಯ್ದೆ ಹೇಳೋ 15 ದಿನದೊಳಗೆ ಮುಗಿಸಿದ್ರಾ. ಜೊತೆಗೆ ತಿದ್ದಿಕೊಟ್ಟ ಸೀನಿಯರ್‌ಗೆ 500. ನನ್ನ ಕೇಳಿದ್ರೆ ಗೆದ್ದಿದ್ದು ಆ 500, ಮುಂಚೆ ಹೊಸಬರು ಅಂದ್ರೇನೇ ಸೀನಿಯರ್‌ಗಳಿಗೆ ತಲೆನೋವು. ಯಾವ ಫೈಲ್ ಆರಿಸ್ತೀವಿ, ಹೇಗೆ ಕ್ರಾಸ್‌ಚೆಕ್ ಮಾಡ್ತೀವಿ ಅಂತ ಬರೆಯಲ್ಲ, ನಮ್ಮೋರೂ ಓದ್ತಾರೆ. ವರ್ಷದ ಖರ್ಚು ಒಂದು ಲಕ್ಷದ ಅತ್ತಿತ್ತ, ಮಕ್ಕಳನ್ನ ಎಲ್ಲಿ ಇಡಬೇಕು ಅಂತ ತೀರ್ಮಾನಿಸೋ ಮಕ್ಕಳ ಕಲ್ಯಾಣ ಸಮಿತಿ (ಸಿಡಬ್ಲ್ಯೂಸಿ) ಇಂದ ರಿಪೋರ್ಟ್ ವಾಪಸ್ ಬರೋದು ಅರ್ಧಕ್ಕರ್ಧ ಕಮ್ಮಿ. ಬಜೆಟ್ಟಲ್ಲಿ ಇನ್ಸೆಂಟಿವ್ ಅಂತ ಬರೀಬೇಡಿ, ಫಂಡರ್ ಆ ಸಾಲನ್ನೇ ಹೊಡೆದುಹಾಕ್ತಾರೆ.

ಕೇಸ್ ಲೆಕ್ಕಕ್ಕಂತೂ ಕೊಡ್ಲೇಬೇಡಿ. ಒಬ್ಬ ಡೋನರ್, ಸಿಡಬ್ಲ್ಯೂಸಿ ಮುಂದೆ ಹಾಜರುಪಡಿಸಿದ ಮಗು ಒಂದಕ್ಕೆ ಇಷ್ಟು ಅಂತ ಇಡಿ ಅಂದ್ರು, ನಾನು ಒಪ್ಲಿಲ್ಲ. ಹಂಗೆ ಮಾಡಿದ್ರೆ ಮೆಜೆಸ್ಟಿಕ್ಕಲ್ಲಿ ಅಮ್ಮನ ಪಕ್ಕ ಕೂತು ಹೂ ಕಟ್ಟೋ ಮಗೂನೂ ಎತ್ಕೊಂಡ್ ಬರ್ತಾರೆ. ಮನೆಗೆ ವಾಪಸ್ ಕಳಿಸಿದ್ದಕ್ಕೆ ಕೊಟ್ರೆ ಇನ್ನೂ ಅಪಾಯ, ಹೊಡೆಯೋ ಅಪ್ಪನ ಹತ್ರಾನೇ ಬಿಟ್ಬರ್ತಾರೆ.

ಮಧ್ಯದಲ್ಲಿ ಕ್ವಿಜ್ ಇಟ್ಟು ಕುಕ್ಕರ್ ಬಹುಮಾನ ಕೊಟ್ವಿ, ಗೆದ್ದೋಳ ಜೊತೆ ಉಳಿದೋರು ವಾರಗಟ್ಲೆ ಮಾತು ಬಿಟ್ರು. ನಿಮ್ಹಾನ್ಸ್‌ನ ಸಂವಾದ್ (ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯದ ಕಾರ್ಯಕ್ರಮ) ಆನ್‌ಲೈನ್ ಸೆಷನ್‌ಗಳಿಗೆ ಡೇಟಾ ರೀಚಾರ್ಜ್ ಮಾಡಿಸಿಕೊಟ್ಟಿದ್ದು ಮಾತ್ರ ಸಕ್ಕತ್ತಾಗಿ ನಡೀತು.

ಈ ಸಲ ಮಕ್ಕಳು ಇರೋ ಹೋಮಿನ ಅಡುಗೆಯೋರು, ನೈಟ್ ವಾರ್ಡನ್‌ಗಳನ್ನೂ ಸೇರಿಸ್ಬೇಕು ಅಂತಿದೀನಿ, ಮಕ್ಕಳು ಮೊದ್ಲು ಬಾಯಿ ಬಿಡೋದು ಅವರ ಹತ್ರಾನೇ. ಅವರು ಫಾರ್ಮ್ ಬರೆಯಲ್ಲ, ಏನು ನೋಡಿ ದುಡ್ಡು ಕೊಡೋದು ಅಂತ ಇನ್ನೂ ತಲೆಗೆ ಹೊಳೀತಿಲ್ಲ, ಮಾಡಿದೋರಿದ್ರೆ ಹೇಳಿ.