ವಿಂಡೋ ಪ್ರೋಗ್ರಾಂ ಕಲಿಸುವಾಗ ಮೊದಲು ಕಲಿಸಬೇಕಾದದ್ದು ಕಾಯುವುದನ್ನು

ಪೈಥಾನ್‌ನ ಲೂಪ್, ಫಂಕ್ಷನ್‌ಗಳನ್ನು ಚೆನ್ನಾಗಿಯೇ ಕಲಿತ ಮಕ್ಕಳು ಮೊದಲ ಬಾರಿಗೆ ಬಟನ್ ಇರುವ ವಿಂಡೋ ಬರೆಯಲು ಕುಳಿತಾಗ ತಬ್ಬಿಬ್ಬಾಗುವುದನ್ನು ನಾನು ಲ್ಯಾಬ್‌ನಲ್ಲಿ ಪದೇಪದೇ ನೋಡಿದ್ದೇನೆ. ಅಲ್ಲಿಯವರೆಗೆ ಅವರು ಬರೆದ ಪ್ರೋಗ್ರಾಂ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿದು ಮುಗಿಯುತ್ತಿತ್ತು. ವಿಂಡೋ ಪ್ರೋಗ್ರಾಂ ಹಾಗೆ ಮುಗಿಯದೆ, ಬಳಕೆದಾರರು ಏನಾದರೂ ಒತ್ತಲಿ ಎಂದು ಕಾದು ಕೂರುತ್ತದೆ. ಇದನ್ನು ಹೇಳದೆ ನೇರವಾಗಿ ಬಣ್ಣ, ಫಾಂಟ್‌ಗಳಿಗೆ ಹೋದರೆ ಮುಂದಿನ ಪಾಠಗಳೆಲ್ಲ ಉರುಹೊಡೆಯುವ ಕೆಲಸವಾಗುತ್ತವೆ.

ಮೊದಲ ಹಂತಕ್ಕೆ, ಪೈಥಾನ್‌ನಲ್ಲಿ ವಿಂಡೋ, ಬಟನ್‌ಗಳನ್ನು ಮಾಡಲು ಇರುವ ಟಿಕಿಂಟರ್ ಎಂಬ ಲೈಬ್ರರಿ ಸಾಕು. ವಿಂಡೋಸ್‌ನಲ್ಲಿ ಅದು ಪೈಥಾನ್ ಜೊತೆಗೇ ಬರುತ್ತದೆ. ಉಬುಂಟುವಿನಲ್ಲಿ ಮಾತ್ರ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಮೌಸ್‌ನಿಂದ ಬಟನ್‌ಗಳನ್ನು ಎಳೆದು ಕೂರಿಸುವ ಡಿಸೈನರ್ ತಂತ್ರಾಂಶಗಳನ್ನು ಮೊದಲ 2 ವಾರ ಮುಟ್ಟಲೇಬೇಡಿ. ಅವು ಬರೆದುಕೊಡುವ ಕೋಡ್ ಮಕ್ಕಳಿಗೆ ಅರ್ಥವಾಗುವುದಿಲ್ಲ.

ಎರಡನೆಯ ಹಂತದಲ್ಲಿ ಒಂದು ಖಾಲಿ ವಿಂಡೋ ತೆರೆಸಿ. ಮೇನ್‌ಲೂಪ್ ಎಂಬ, ವಿಂಡೋವನ್ನು ನಡೆಸುವ ಫಂಕ್ಷನ್ ಕರೆಯುವ ಸಾಲಿನ ಮೇಲೊಂದು, ಕೆಳಗೊಂದು ಪ್ರಿಂಟ್ ಬರೆಸಿ, ಓಡಿಸುವ ಮುನ್ನ ಯಾವುದು ಯಾವಾಗ ಕಾಣಿಸುತ್ತದೆಂದು ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿ. ಎರಡೂ ಒಟ್ಟಿಗೇ ಬರುತ್ತವೆಂದು ಬಹುತೇಕರು ಬರೆಯುತ್ತಾರೆ. ವಿಂಡೋ ಮುಚ್ಚುವವರೆಗೂ ಎರಡನೆಯದು ಬಾರದಿರುವುದನ್ನು ಕಂಡಾಗ, ಪ್ರೋಗ್ರಾಂ ಮೇನ್‌ಲೂಪ್‌ನೊಳಗೆ ನಿಂತು ಕಾಯುತ್ತಿದೆ ಎಂಬುದು ನಿಮ್ಮ ವಿವರಣೆಯಿಲ್ಲದೆಯೇ ಅವರಿಗೆ ಹೊಳೆಯುತ್ತದೆ.

ನಿಜವಾದ ತೊಡಕು ಮೂರನೆಯ ಹಂತದಲ್ಲಿ, ಅಂದರೆ ಬಟನ್‌ಗೆ ಕೆಲಸ ಹಚ್ಚುವಾಗ ಬರುತ್ತದೆ. ಬಟನ್‌ನ ಕಮಾಂಡ್ ಎಂಬಲ್ಲಿ ಫಂಕ್ಷನ್‌ನ ಹೆಸರನ್ನು ಮಾತ್ರ ಕೊಡಬೇಕು. ಅಭ್ಯಾಸಬಲದಿಂದ ಮಕ್ಕಳು ಹೆಸರಿನ ಮುಂದೆ ಆವರಣ ಚಿಹ್ನೆಗಳನ್ನೂ ಹಾಕಿಬಿಡುತ್ತಾರೆ. ಆಗ ವಿಂಡೋ ಕಾಣಿಸಿಕೊಳ್ಳುವ ಮೊದಲೇ ಫಂಕ್ಷನ್ ಒಮ್ಮೆ ಓಡಿ ಮುಗಿಯುತ್ತದೆ, ಅದು ಏನನ್ನೂ ಹಿಂದಿರುಗಿಸದ ಕಾರಣ ಬಟನ್‌ಗೆ ಏನೂ ದಕ್ಕುವುದಿಲ್ಲ, ಆಮೇಲೆ ಎಷ್ಟು ಒತ್ತಿದರೂ ಅದು ಮೂಕವಾಗಿರುತ್ತದೆ. ಎರರ್ ಕೂಡ ಬಾರದಿರುವುದರಿಂದ ಎಲ್ಲಿ ಹುಡುಕಬೇಕೆಂದೇ ಅವರಿಗೆ ತಿಳಿಯುವುದಿಲ್ಲ. ಪಕ್ಕದ ಮನೆಯವರಿಗೆ ಎಲೆಕ್ಟ್ರಿಷಿಯನ್‌ನ ಫೋನ್ ನಂಬರ್ ಬರೆದುಕೊಡುವುದೇ ಬೇರೆ, ನಾವೇ ಅವನಿಗೆ ಈಗಲೇ ಫೋನ್ ಮಾಡುವುದೇ ಬೇರೆ ಎಂದು ನಾನು ಹೇಳುತ್ತೇನೆ. ಆದರೂ ತಪ್ಪು ರೂಪವನ್ನು ಬೇಕೆಂದೇ ಒಮ್ಮೆ ಬರೆಸಿ, ಪ್ರಿಂಟ್ ಎಷ್ಟು ಬೇಗ ಬಂತೆಂಬುದನ್ನು ತೋರಿಸುವಷ್ಟು ಪರಿಣಾಮ ಯಾವ ಹೋಲಿಕೆಗೂ ಇಲ್ಲ.

ಇದೇ ಹಂತದಲ್ಲಿ ಇನ್ನೊಂದು ಪ್ರಯೋಗ ಮಾಡಿಸಿ. ಬಟನ್‌ನ ಫಂಕ್ಷನ್‌ನಲ್ಲಿ 10 ಸೆಕೆಂಡ್ ಸ್ಲೀಪ್ (ಪ್ರೋಗ್ರಾಂ ಅನ್ನು ಅಲ್ಲೇ ತಡೆದು ನಿಲ್ಲಿಸುವ ಆದೇಶ) ಹಾಕಿದರೆ ಇಡೀ ವಿಂಡೋ ಕಲ್ಲಾಗುತ್ತದೆ, ಏಕೆಂದರೆ ಕ್ಲಿಕ್‌ಗಳಿಗಾಗಿ ಕಾಯಬೇಕಾದ ಮೇನ್‌ಲೂಪೇ ಆ ಫಂಕ್ಷನ್‌ ಮುಗಿಯಲೆಂದು ನಿಂತಿರುತ್ತದೆ. ಗಡಿಯಾರದಂಥದ್ದನ್ನು ಮಾಡಲು, ವಿಂಡೋವನ್ನು ತಡೆಯದೆ ಹೇಳಿದಷ್ಟು ಸಮಯದ ನಂತರ ಫಂಕ್ಷನ್ ಓಡಿಸುವ ಆಫ್ಟರ್ ಬಳಸಬೇಕು. ಅದಕ್ಕೆ ಸಮಯವನ್ನು ಮಿಲಿಸೆಕೆಂಡ್‌ಗಳಲ್ಲಿ ಕೊಡಬೇಕಾದ್ದರಿಂದ 1 ಸೆಕೆಂಡಿಗೆ 1000 ಎಂದು ಬರೆಯಬೇಕು.

ವಿಂಡೋದಲ್ಲಿ ಬಟನ್ ಮುಂತಾದವುಗಳ ಜೋಡಣೆಗೆ, ಅವನ್ನು ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಕೂರಿಸುವ ಗ್ರಿಡ್ ಒಂದನ್ನೇ ಕಲಿಸಿ. ಒಂದೇ ಫ್ರೇಮ್‌ನಲ್ಲಿ ಪ್ಯಾಕ್ ಎಂಬ ಇನ್ನೊಂದು ಜೋಡಣಾ ವಿಧಾನವನ್ನೂ ಗ್ರಿಡ್ ಅನ್ನೂ ಬೆರೆಸಕೂಡದು.

ಮೊದಲ ಪ್ರಾಜೆಕ್ಟ್ ಆಗಿ ಕ್ಯಾಲ್ಕ್ಯುಲೇಟರ್ ಕೊಡುವ ವಿಡಿಯೊ ಪಾಠಗಳು ನನಗೆ ಹಿಡಿಸುವುದಿಲ್ಲ. ಬಟನ್‌ಗಳನ್ನು ಲೂಪ್‌ನಲ್ಲಿ ಹುಟ್ಟಿಸಿ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕಟ್ಟಿದಾಗ, ಎಚ್ಚರ ತಪ್ಪಿದರೆ, ಯಾವುದನ್ನು ಒತ್ತಿದರೂ ಕೊನೆಯ ಅಂಕಿಯೇ ಬರುತ್ತದೆ. ಹೊಸಬರಿಗೆ ಆ ಗೋಜಲು ಬೇಡ. ಟೈಪ್ ಮಾಡಲು ಎರಡು ಎಂಟ್ರಿ ಪೆಟ್ಟಿಗೆ, ಒಂದು ಬಟನ್, ಒಂದು ಲೇಬಲ್ ಇರುವ ಕೂಡುವ ಯಂತ್ರ ಸಾಕು. ಅದರಲ್ಲಿ 12 ಮತ್ತು 5 ಹಾಕಿ ಒತ್ತಿದಾಗ ಉತ್ತರ 125 ಎಂದು ಬರುವುದನ್ನು ಮಕ್ಕಳೇ ಕಾಣಲಿ, ಎಂಟ್ರಿಯಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು ಎಂಬುದು ಆಗ ಮನಸ್ಸಿನಲ್ಲಿ ಉಳಿಯುತ್ತದೆ. ಅಕ್ಷರಗಳ ಸಾಲನ್ನು ಸಂಖ್ಯೆಯಾಗಿಸುವ ಇಂಟ್ ಹಾಕಿದ ಮೇಲೆ ಕನ್ನಡ ಅಂಕಿಗಳಲ್ಲಿ ೧೨ ಎಂದು ಟೈಪ್ ಮಾಡಿಸಿ. ಪೈಥಾನ್ ಅದನ್ನೂ ಹನ್ನೆರಡೆಂದೇ ಓದುತ್ತದೆ, ತರಗತಿಯಲ್ಲಿ ಖುಷಿಯ ಗದ್ದಲ ಎದ್ದೇ ಏಳುತ್ತದೆ. ಬಳಿಕ ‘ಹನ್ನೆರಡು’ ಎಂದು ಅಕ್ಷರದಲ್ಲಿ ಬರೆಸಿ. ವಿಂಡೋ ಏನೂ ಆಗದಂತೆ ಕುಳಿತಿದ್ದರೂ ಅದರ ಹಿಂದಿರುವ ಶೆಲ್‌ನಲ್ಲಿ, ಅಂದರೆ ಪೈಥಾನ್‌ನ ಪ್ರಿಂಟ್ ಮತ್ತು ಎರರ್ ಕಾಣಿಸುವ ಕಿಟಕಿಯಲ್ಲಿ, ಎರರ್‌ನ ಕೆಂಪು ಸಾಲುಗಳು ಬಿದ್ದಿರುತ್ತವೆ. ಆದ್ದರಿಂದ ಶೆಲ್ ಅನ್ನು ಮುಚ್ಚದೆ, ವಿಂಡೋದ ಪಕ್ಕದಲ್ಲಿ ಕಾಣುವಂತೆ ಇಟ್ಟುಕೊಳ್ಳುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಸಿ.